ಐದನೇ ಸುತ್ತಿಗೆ ಬ್ರೇಕ್ ಪೆಡಲ್ ನೆಲ ಮುಟ್ಟಿದ್ದೇಕೆ?

ಪ್ರಶ್ನೆ: ನಾನು ಚಿತ್ರದುರ್ಗದವನು, ವ್ಯಾಪಾರ ದಾವಣಗೆರೆಯಲ್ಲಿ. ಕಳೆದ ವರ್ಷ ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ಕೊಂಡಿದ್ದೇನೆ. ವಾರದಲ್ಲಿ ಎರಡು ಮೂರು ದಿನ ಹೆದ್ದಾರಿಯಲ್ಲಿ ಎರಡೂ ಊರುಗಳ ನಡುವೆ ಓಡಾಟ, ಬಿಡುವಿದ್ದಾಗ ಜೋಗಿಮಟ್ಟಿ ಅಥವಾ ಚಿಕ್ಕಮಗಳೂರಿನ ಗಿರಿಗಳ ಕಡೆ ಪಯಣ. ಇತ್ತೀಚೆಗೆ ಮೊದಲ ಸಲ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗಿ ಟ್ರ್ಯಾಕಿನ ಮೇಲೆ ಓಡಿಸಿದೆ. ನಾಲ್ಕು ಸುತ್ತು ಚೆನ್ನಾಗಿತ್ತು. ಐದನೆಯದರಲ್ಲಿ ನೇರ ಓಟ ಮುಗಿದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲ ಮುಟ್ಟಿತು. ಎರಡು ಮೂರು ಸಲ ತುಳಿದ ಮೇಲೆ ಸ್ವಲ್ಪ ಹಿಡಿಯಿತು, ಪಕ್ಕದ ಮಣ್ಣಿಗಿಳಿದು ನಿಂತೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿಯಾಗಿತ್ತು, ಅದೇ ಕಾರಿನಲ್ಲಿ ಊರಿಗೆ ಬಂದೆ. ಪರಿಚಯದ ಮೆಕ್ಯಾನಿಕ್ "ಡಾಟ್ 5 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ನಂಬರ್ ದೊಡ್ಡದಾದಷ್ಟೂ ಒಳ್ಳೆಯದು" ಎನ್ನುತ್ತಾರೆ. ಒಬ್ಬ ಗೆಳೆಯ ರೇಸಿಂಗ್ ಬ್ರೇಕ್ ಆಯಿಲ್ ತರಿಸು ಎನ್ನುತ್ತಾನೆ, ಇನ್ನೊಬ್ಬ ಅದನ್ನು ತಿಂಗಳಿಗೊಮ್ಮೆ ಬದಲಿಸಬೇಕು, ರಸ್ತೆಗೆ ಆಗದು ಎನ್ನುತ್ತಾನೆ. ಹಿಂದಿನ ಮಾಲೀಕರು ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದರೋ ದಾಖಲೆ ಇಲ್ಲ. ನಮ್ಮದು ಒಣ ಸೀಮೆ. ಆಯಿಲ್‌ಗೆ ನೀರು ಸೇರುತ್ತದೆ ಎಂಬ ಮಾತು ನಮಗೂ ಅನ್ವಯಿಸುತ್ತದೆಯೇ? ಕೊನೆಗೆ ಯಾವುದನ್ನು ಹಾಕಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ಬ್ರೇಕ್ ಆಯಿಲ್ ಪೂರ್ತಿ ಬದಲಾಗುವ ತನಕ ಈ ಕಾರನ್ನು ಯಾವ ಗಿರಿಗೂ ಘಾಟಿಗೂ ಒಯ್ಯಬೇಡಿ. ಅರ್ಧ ಗಂಟೆಯ ನಂತರ ಪೆಡಲ್ ಗಟ್ಟಿಯಾಯಿತು ಎಂಬುದು ನಿಮಗೆ ಸಮಾಧಾನ ಕೊಟ್ಟಂತಿದೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಕಾಯಿಲೆ ವಾಸಿಯಾಗಿಲ್ಲ, ಬಿಸಿ ಇಳಿದಿದೆ ಅಷ್ಟೇ. ಮತ್ತೆ ಅಷ್ಟು ಬಿಸಿಯಾದರೆ ಅದೇ ಆಗುತ್ತದೆ, ಮತ್ತು ಮುಂದಿನ ಸಲ ಪಕ್ಕದಲ್ಲಿ ಇಳಿಯಲು ಮಣ್ಣಿನ ಬಯಲು ಇರುತ್ತದೆಂದು ಹೇಳಲಾಗದು.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಪೆಡಲ್ ಏಕೆ ಹೋಯಿತು ಎಂಬುದು ಒಂದು, ಯಾವ ಬಾಟಲಿ ಕೊಳ್ಳಬೇಕು ಎಂಬುದು ಇನ್ನೊಂದು. ಎಲ್ಲರೂ ನಿಮಗೆ ಎರಡನೆಯದಕ್ಕೆ ಉತ್ತರ ಕೊಟ್ಟಿದ್ದಾರೆ. ಮೊದಲನೆಯದು ತಿಳಿದರೆ ಎರಡನೆಯದು ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ.

ಬ್ರೇಕ್ ಬಿಸಿಯಾಗಿ ಕೈಕೊಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಬಲವಾಗಿ ತುಳಿದರೂ ಕಾರು ನಿಲ್ಲುವುದಿಲ್ಲ ಎಂದಾದರೆ ಸೋತದ್ದು ಪ್ಯಾಡ್, ಅಂದರೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ. ಪ್ಯಾಡಿನ ವಸ್ತು ತಾನು ತಾಳಬಲ್ಲ ಬಿಸಿಯನ್ನು ಮೀರಿದಾಗ ಹಿಡಿತ ಕಳೆದುಕೊಳ್ಳುತ್ತದೆ, ಹೊಸ ಪ್ಯಾಡನ್ನು ಸರಿಯಾಗಿ ಪಳಗಿಸದೆ ಟ್ರ್ಯಾಕಿಗೆ ಒಯ್ದರೂ ಹೀಗಾಗುತ್ತದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿದು ನೆಲ ಮುಟ್ಟಿತು, ಮತ್ತೆ ಮತ್ತೆ ತುಳಿದಾಗ ಸ್ವಲ್ಪ ಹಿಡಿಯಿತು, ತಣ್ಣಗಾದ ಮೇಲೆ ಸರಿಯಾಯಿತು ಎಂದಾದರೆ ಕುದಿದದ್ದು ಆಯಿಲ್. ನೀವು ವಿವರಿಸಿದ್ದು ಎರಡನೆಯದನ್ನು, ಅದೂ ತುಂಬ ಸ್ಪಷ್ಟವಾಗಿ. ಇವೆರಡಕ್ಕೂ ಸೇರದ ಇನ್ನೊಂದಿದೆ: ತಣ್ಣಗಿರುವಾಗಲೂ, ಸಿಗ್ನಲ್‌ನಲ್ಲಿ ಪೆಡಲ್ ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗೆ ಜಾರಿದರೆ, ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋರುತ್ತಿದೆ ಎಂದರ್ಥ. ನೀವು ಅದನ್ನು ಬರೆದಿಲ್ಲ, ಆದರೂ ಒಮ್ಮೆ ಪರೀಕ್ಷಿಸಿ. ಇಂಜಿನ್ ಚಾಲೂ ಇಟ್ಟು, ಕಾರು ನಿಂತಲ್ಲೇ ಒಂದು ನಿಮಿಷ ಪೆಡಲ್ ಒತ್ತಿ ಹಿಡಿದರೆ ಸಾಕು, ಗೊತ್ತಾಗುತ್ತದೆ.

ಈಗ ಆಯಿಲ್ ಏಕೆ ಕುದಿಯಿತು ಎಂಬುದು. ನಿಮ್ಮ ಕಾರು, ನೀವು, ಪೆಟ್ರೋಲ್ ಎಲ್ಲ ಸೇರಿ ಸುಮಾರು 1,450 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 160 ಕಿಲೋಮೀಟರ್ ವೇಗದಿಂದ 60ಕ್ಕೆ ಒಮ್ಮೆ ಇಳಿಸಿದಾಗ ಬ್ರೇಕ್‌ಗಳು ನುಂಗಬೇಕಾದ ಶಕ್ತಿ ಸುಮಾರು 12 ಲಕ್ಷ ಜೂಲ್. ಕೋಣೆಯ ಬಿಸಿಯಲ್ಲಿರುವ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು. ಅದು ಒಂದೇ ತಿರುವಿಗೆ, ಕೆಲವೇ ಸೆಕೆಂಡುಗಳಲ್ಲಿ. ಹೆದ್ದಾರಿಯಲ್ಲಿ 80ರಿಂದ ಪೂರ್ತಿ ನಿಲ್ಲಿಸಲು ಬೇಕಾದದ್ದು ಇದರ ಮೂರನೇ ಒಂದು ಭಾಗಕ್ಕೂ ಕಡಿಮೆ, ಮತ್ತು ಹಾಗೆ ನಿಲ್ಲಿಸುವ ಸಂದರ್ಭ ಹತ್ತಾರು ಕಿಲೋಮೀಟರಿಗೊಮ್ಮೆ ಬರುತ್ತದೆ. ಕರಿ ಟ್ರ್ಯಾಕಿನ ಉದ್ದ ಎರಡು ಕಿಲೋಮೀಟರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಒಂದು ತಿರುವಿನ ಬಿಸಿ ಗಾಳಿಗೆ ಹೋಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಪ್ರತಿ ಸುತ್ತಿಗೂ ಉಳಿದ ಬಿಸಿಯ ಮೇಲೆ ಹೊಸ ಬಿಸಿ ಸೇರುತ್ತ ಹೋಗುತ್ತದೆ. ಟ್ರ್ಯಾಕಿನಲ್ಲಿ ಡಿಸ್ಕ್ 500–600 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಸಾಮಾನ್ಯವೇನಲ್ಲ. ಆ ಬಿಸಿ ಪ್ಯಾಡಿಗೆ, ಪ್ಯಾಡಿನ ಹಿಂದಿನ ಲೋಹದ ತಗಡಿಗೆ, ಅಲ್ಲಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್‌ಗೆ, ಪಿಸ್ಟನ್ ಹಿಂದೆ ನಿಂತಿರುವ ಆಯಿಲ್‌ಗೆ ಇಳಿಯುತ್ತದೆ. ಈ ದಾರಿಗೆ ಸಮಯ ಹಿಡಿಯುತ್ತದೆ. ನಾಲ್ಕು ಸುತ್ತು ಚೆನ್ನಾಗಿದ್ದು ಐದನೆಯದರಲ್ಲಿ ಕೈಕೊಟ್ಟದ್ದು ಅದಕ್ಕೇ.

ನೇರ ಓಟ ಮುಗಿದ ಮೇಲೆ ಒತ್ತಿದ ಮೊದಲ ಬ್ರೇಕಿಗೇ ಪೆಡಲ್ ಹೋಯಿತು ಎಂದು ಬರೆದಿದ್ದೀರಿ. ಇದು ಹೆಚ್ಚಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ನೇರ ಓಟದಲ್ಲಿ ಬ್ರೇಕ್ ತಣ್ಣಗಾಗಬೇಕಲ್ಲವೇ? ಡಿಸ್ಕ್ ತಣ್ಣಗಾಗುತ್ತಿರುತ್ತದೆ, ನಿಜ. ಆದರೆ ನೀವು ಪೆಡಲ್ ಒತ್ತಿ ಹಿಡಿದಿರುವಷ್ಟು ಹೊತ್ತು ಕೊಳವೆಯೊಳಗೆ ಹತ್ತಾರು ಬಾರ್ ಒತ್ತಡವಿರುತ್ತದೆ, ಆ ಒತ್ತಡದಲ್ಲಿ ಆಯಿಲ್ ಸುಲಭಕ್ಕೆ ಕುದಿಯದು. ಕಾಲು ತೆಗೆದೊಡನೆ ಒತ್ತಡ ಬಿಡುತ್ತದೆ, ಪ್ಯಾಡಿನ ಬಿಸಿ ಪಿಸ್ಟನ್‌ಗೆ ಇಳಿಯುವುದು ಮಾತ್ರ ನಿಂತಿರುವುದಿಲ್ಲ. ಅದೇ ಗಳಿಗೆಯಲ್ಲಿ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಮುಂದಿನ ಸಲ ನೀವು ಪೆಡಲ್ ಒತ್ತಿದಾಗ ಆ ಒತ್ತಡವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ, ಪ್ಯಾಡಿಗೆ ತಲುಪುವುದಿಲ್ಲ. ಕಾರು ಪಿಟ್‌ಗೆ ಬಂದು ನಿಂತ ಮೇಲೂ, ಗಾಳಿ ಹರಿಯುವುದು ನಿಂತುಹೋದದ್ದರಿಂದ, ಆಯಿಲ್‌ನ ಬಿಸಿ ಕೆಲವು ನಿಮಿಷ ಏರುತ್ತಲೇ ಇರುತ್ತದೆ. ಓಡುವಾಗ ಸರಿಯಿದ್ದ ಪೆಡಲ್ ನಿಂತ ಐದು ನಿಮಿಷಕ್ಕೆ ಮೆತ್ತಗಾಗಿರುವುದನ್ನು ನಾನು ಅನೇಕ ಕಾರುಗಳಲ್ಲಿ ಕಂಡಿದ್ದೇನೆ.

ಹಾಗಾದರೆ ಒಳ್ಳೆಯ ಆಯಿಲ್ ಎಷ್ಟು ಡಿಗ್ರಿಗೆ ಕುದಿಯಬೇಕು? ಇಲ್ಲಿ ನೀರಿನ ವಿಷಯ ಬರುತ್ತದೆ. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಡಾಟ್ 3, ಡಾಟ್ 4, ಡಾಟ್ 5.1 ಇವುಗಳಲ್ಲಿ ಖನಿಜ ತೈಲ ಇರುವುದಿಲ್ಲ. ಇವು ಗ್ಲೈಕಾಲ್ ಈಥರ್ ಎಂಬ ರಾಸಾಯನಿಕ ದ್ರವಗಳು, ಡಾಟ್ 4 ಮತ್ತು 5.1ರಲ್ಲಿ ಅದರ ಜೊತೆಗೆ ಬೋರೇಟ್ ಎಸ್ಟರ್‌ಗಳೂ ಇರುತ್ತವೆ. ಇವೆಲ್ಲವೂ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತವೆ. ಎಳೆದುಕೊಂಡ ನೀರು ಆಯಿಲ್‌ನಲ್ಲಿ ಬೆರೆತು ಕುದಿಯುವ ಬಿಂದುವನ್ನು ಕೆಳಗಿಳಿಸುತ್ತದೆ. ಅದಕ್ಕಾಗಿಯೇ ಮಾನದಂಡದಲ್ಲಿ ಎರಡು ಅಂಕಿಗಳಿರುತ್ತವೆ: ಹೊಸ ಬಾಟಲಿ ಒಡೆದಾಗಿನ ಒಣ ಕುದಿಬಿಂದು ಮತ್ತು ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲಿನ ತೇವ ಕುದಿಬಿಂದು. ಡಾಟ್ 3ಕ್ಕೆ ಇವು ಕನಿಷ್ಠ 205 ಮತ್ತು 140 ಡಿಗ್ರಿ ಸೆಲ್ಸಿಯಸ್ ಇರಬೇಕು. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಇವು ಕನಿಷ್ಠ ಅಂಕಿಗಳು ಎಂಬುದನ್ನು ನೆನಪಿಡಿ. ಒಂದೇ ಡಾಟ್ 4 ಹೆಸರಿನಲ್ಲಿ 240ಕ್ಕೆ ಕುದಿಯುವುದೂ ಇದೆ, 300 ದಾಟುವುದೂ ಇದೆ.

ನೀರು ಎಲ್ಲಿಂದ ಬರುತ್ತದೆ? ಕಾರಿನಲ್ಲಿ ಬ್ರೇಕ್ ಆಯಿಲ್ ತುಂಬಿಡುವ ಡಬ್ಬಿಯ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವಿರುತ್ತದೆ. ಚಕ್ರದ ಬಳಿಯ ರಬ್ಬರ್ ಹೋಸ್‌ಗಳು ಕಣ್ಣಿಗೆ ಗಟ್ಟಿಯಾಗಿ ಕಂಡರೂ ತೇವವನ್ನು ನಿಧಾನವಾಗಿ ಒಳಗೆ ಬಿಡುತ್ತವೆ. ನಮ್ಮದು ಒಣ ಸೀಮೆ ಎಂಬ ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಮಂಗಳೂರಿನಲ್ಲಿ ವರ್ಷವಿಡೀ ನಿಂತ ಕಾರಿಗಿಂತ ದುರ್ಗದಲ್ಲಿ ನಿಂತ ಕಾರಿನ ಆಯಿಲ್ ನಿಧಾನವಾಗಿ ಕೆಡುತ್ತದೆ. ಆದರೆ ಕೆಡದೇ ಇರುವುದಿಲ್ಲ. ನಮ್ಮಲ್ಲಿ ಮಳೆ ಕಡಿಮೆ ಇರಬಹುದು, ಜೂನ್‌ನಿಂದ ಅಕ್ಟೋಬರ್ ತನಕ ಗಾಳಿಯಲ್ಲಿ ತೇವ ಸಾಕಷ್ಟಿರುತ್ತದೆ. ಜೊತೆಗೆ ನಿಮ್ಮ ಕಾರು ಇಲ್ಲಿಗೆ ಬರುವ ಮುನ್ನ ಬೆಂಗಳೂರಿನಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ ನಿಮಗೂ ಗೊತ್ತಿಲ್ಲ. ಇಂಥ ಕಾರುಗಳು ಕಡಿಮೆ ಓಡುತ್ತವೆ, ಹೆಚ್ಚು ನಿಲ್ಲುತ್ತವೆ, ಅದಕ್ಕೇ ಮೀಟರ್ ನೋಡಿ "ಬರೀ ಹದಿನೈದು ಸಾವಿರ ಓಡಿದೆ, ಆಯಿಲ್ ಯಾಕೆ ಬದಲಿಸಬೇಕು" ಎನ್ನುವವರು ಬಹಳ. ನೀರು ಸೇರುವುದಕ್ಕೆ ಕಾರು ಓಡಬೇಕಾಗಿಲ್ಲ. ಪೋರ್ಷೆ ಕಂಪನಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲು ಹೇಳುತ್ತದೆ, ಕಿಲೋಮೀಟರ್ ಎಷ್ಟೇ ಇರಲಿ.

ನಿಮ್ಮ ಕಾರಿನಲ್ಲಿ ಇದ್ದದ್ದು ಬಹುಪಾಲು ಹಳೆಯ ಡಾಟ್ 4. ಹೊಸದಾಗಿದ್ದಾಗ 250ರ ಆಸುಪಾಸು ಕುದಿಯುತ್ತಿದ್ದದ್ದು ಈಗ 160–170ಕ್ಕೆ ಕುದಿಯುತ್ತಿದ್ದರೆ ಅಚ್ಚರಿಯಿಲ್ಲ. ಊರಿನ ಓಡಾಟದಲ್ಲಿ ಆಯಿಲ್ ನೂರು ಡಿಗ್ರಿ ದಾಟುವುದೇ ಅಪರೂಪ, ಹಾಗಾಗಿ ತಿಂಗಳುಗಟ್ಟಲೆ ಏನೂ ತಿಳಿಯಲಿಲ್ಲ. ಟ್ರ್ಯಾಕ್ ಅದನ್ನು ಬಯಲು ಮಾಡಿತು. ಕಾರಿನ ಬ್ರೇಕಿನಲ್ಲಿ ದೋಷವಿದೆ ಎಂದು ನನಗೆ ಅನ್ನಿಸುವುದಿಲ್ಲ. ಈ ಕಾರಿನ ಬ್ರೇಕ್‌ಗಳು ಅದರ ತೂಕಕ್ಕೆ ಹೋಲಿಸಿದರೆ ಬಹಳ ಸಮರ್ಥವಾದವು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಸಮಸ್ಯೆಯಲ್ಲಿ ಬಾಟಲಿಯ ಮೇಲಿನ ಹೆಸರಿಗಿಂತ ಆಯಿಲ್‌ನ ವಯಸ್ಸಿನ ಪಾತ್ರ ದೊಡ್ಡದು. ಮೂರು ವರ್ಷ ಹಳೆಯ ರೇಸಿಂಗ್ ಆಯಿಲ್‌ಗಿಂತ ನಿನ್ನೆ ಹಾಕಿದ ಒಳ್ಳೆಯ ಡಾಟ್ 4 ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನು ನಂಬರಿನ ಮಾತು. ನಿಮ್ಮ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಈ ಸಲಹೆ ಅಪಾಯಕಾರಿ. ಡಾಟ್ 5 ಎಂಬುದು ಡಾಟ್ 4ರ ಮುಂದಿನ ಮೆಟ್ಟಿಲಲ್ಲ. ಅದು ಬೇರೆಯದೇ ಜಾತಿ, ಸಿಲಿಕೋನ್‌ನಿಂದ ಮಾಡಿದ್ದು, ಬಣ್ಣ ನೇರಳೆ. ಗ್ಲೈಕಾಲ್ ಆಯಿಲ್‌ಗಳೊಂದಿಗೆ ಅದು ಬೆರೆಯುವುದಿಲ್ಲ. ಹಳೆಯದು ಸ್ವಲ್ಪ ಉಳಿದಿರುವ ಕೊಳವೆಗೆ ಅದನ್ನು ಸುರಿದರೆ ಎರಡೂ ಬೇರೆಬೇರೆಯಾಗಿಯೇ ಉಳಿಯುತ್ತವೆ, ಸೀಲ್‌ಗಳಿಗೂ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಘಟಕಕ್ಕೂ ತೊಂದರೆ. ಸಿಲಿಕೋನ್ ನೀರನ್ನು ಹೀರುವುದಿಲ್ಲ ಎಂಬುದನ್ನೇ ಅದರ ದೊಡ್ಡ ಗುಣವೆಂದು ಹೇಳುತ್ತಾರೆ. ಒಳಗೆ ಹೇಗೋ ಸೇರಿದ ನೀರು ಅದರಲ್ಲಿ ಕರಗದೆ ಹನಿಯಾಗಿಯೇ ಉಳಿದು ತಗ್ಗಿನ ಜಾಗಕ್ಕೆ, ಅಂದರೆ ಕ್ಯಾಲಿಪರಿಗೆ ಇಳಿಯುತ್ತದೆ. ಅಲ್ಲಿ ತುಕ್ಕು ಹಿಡಿಸುತ್ತದೆ, ನೂರು ಡಿಗ್ರಿ ಸುಮಾರಿಗೆ ಆವಿಯಾಗುತ್ತದೆ. ಮೇಲಾಗಿ ಸಿಲಿಕೋನ್ ಗಾಳಿಯ ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಬಿಸಿಯಾದಾಗ ಒತ್ತಡಕ್ಕೆ ಸ್ವಲ್ಪ ಕುಗ್ಗುತ್ತದೆ, ಪೆಡಲ್ ಎಂದಿಗೂ ಗಟ್ಟಿ ಅನ್ನಿಸುವುದಿಲ್ಲ. ವರ್ಷಗಟ್ಟಲೆ ನಿಲ್ಲಿಸಿಡುವ ಹಳೆಯ ವಾಹನಗಳಿಗೆ, ಕೆಲವು ಸೇನಾ ವಾಹನಗಳಿಗೆ ಅದು ಸರಿ. ಎಬಿಎಸ್ ಇರುವ, ಜೋರಾಗಿ ಓಡಿಸುವ ಕಾರಿಗೆ ಅದನ್ನು ಹಾಕಲೇಬೇಡಿ. ಒಂದು ವೇಳೆ ಯಾರಾದರೂ ಈಗಾಗಲೇ ಸುರಿದಿದ್ದರೆ ಕಾರು ಚಾಲೂ ಮಾಡದೆ ನನಗೆ ತಿಳಿಸಿ.

ಡಾಟ್ 5.1 ಗ್ಲೈಕಾಲ್ ಜಾತಿಗೇ ಸೇರಿದ್ದು, ಡಾಟ್ 3, 4ರ ಜೊತೆ ಬೆರೆಯುತ್ತದೆ. ಹೆಸರಿನಲ್ಲಿ ಐದು ಇದೆ ಎಂಬುದೊಂದೇ ಗೊಂದಲ. ಅದರ ಇನ್ನೊಂದು ಗುಣ ತೆಳುವಾಗಿರುವುದು. ಮೈನಸ್ 40 ಡಿಗ್ರಿಯಲ್ಲಿ ಡಾಟ್ 4ರ ಸ್ನಿಗ್ಧತೆ, ಅಂದರೆ ಮಂದತನದ ಅಳತೆ, 1,800ರವರೆಗೆ ಇರಬಹುದೆಂದು ಮಾನದಂಡ ಒಪ್ಪಿದರೆ, 5.1 ಅದರ ಅರ್ಧ, ಅಂದರೆ 900 ಮೀರುವಂತಿಲ್ಲ. ಈಗಿನ ಎಬಿಎಸ್ ಮತ್ತು ಸ್ಥಿರತೆ ಕಾಯುವ ವ್ಯವಸ್ಥೆಗಳು ಸೆಕೆಂಡಿಗೆ ಹಲವು ಸಲ ಕವಾಟ ತೆರೆದು ಮುಚ್ಚುತ್ತವೆ, ತೆಳುವಾದ ಆಯಿಲ್ ಇದ್ದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ. ಹಿಮ ಬೀಳುವ ದೇಶಗಳಲ್ಲಿ ಇದು ದೊಡ್ಡ ವಿಷಯ. ಡಿಸೆಂಬರಿನ ಬೆಳಗ್ಗೆ ನಮ್ಮಲ್ಲಿ ಎಷ್ಟು ಚಳಿ ಇದ್ದರೂ ಅದು ಡಾಟ್ 4 ಗಟ್ಟಿಯಾಗುವ ಚಳಿಯಲ್ಲ. ಆದರೂ ಕಾರಿನ ಕೈಪಿಡಿಯಲ್ಲಿ ಕಡಿಮೆ ಸ್ನಿಗ್ಧತೆಯದೇ ಬೇಕು ಎಂದು ಬರೆದಿದ್ದರೆ ಅದನ್ನು ಮೀರಬೇಡಿ. ರಸ್ತೆ ಮತ್ತು ಗಿರಿಗಳಿಗಷ್ಟೇ ಹೋಗುವ ಕಾರಿಗೆ, ವರ್ಷಕ್ಕೊಮ್ಮೆ ಬದಲಿಸುವುದಾದರೆ, 5.1 ಒಳ್ಳೆಯ ಆಯ್ಕೆ. ಟ್ರ್ಯಾಕಿಗೆ ಅದು ಸಾಲದೇ ಹೋಗಬಹುದು.

ಟ್ರ್ಯಾಕಿಗೆ ಹೋಗುವುದಾದರೆ ರೇಸಿಂಗ್ ದರ್ಜೆಯ ಡಾಟ್ 4 ನೋಡಬೇಕು. ಮೊಟುಲ್ ಆರ್‌ಬಿಎಫ್ 600ರ ಒಣ ಕುದಿಬಿಂದು 312 ಡಿಗ್ರಿ, ತೇವ ಕುದಿಬಿಂದು 200ಕ್ಕೂ ಮೇಲೆ. ಅದೇ ಕಂಪನಿಯ 660ರದು 325 ಮತ್ತು 204. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಒಣಗಿದ್ದಾಗ 320ರ ಆಸುಪಾಸು, ತೇವ ಸೇರಿದಾಗಲೂ 270. ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ನೀರು ಕುಡಿದ ಎಸ್‌ಆರ್‌ಎಫ್ ಹೊಸ ಡಾಟ್ 5.1ರ ಕನಿಷ್ಠ ಅಂಕಿಗಿಂತ ಮೇಲಿದೆ. ಇದರ ರಸಾಯನದಲ್ಲಿ ಸಿಲಿಕಾನ್ ಎಸ್ಟರ್ ಇದೆ, ಹಾಗೆಂದು ಇದು ಡಾಟ್ 5ರ ಸಿಲಿಕೋನ್ ಅಲ್ಲ; ಗ್ಲೈಕಾಲ್ ಆಯಿಲ್‌ಗಳೊಂದಿಗೆ ಬೆರೆಯುತ್ತದೆ. ಬೆಲೆ ಮಾತ್ರ ಉಳಿದವುಗಳಿಗಿಂತ ಹಲವು ಪಟ್ಟು.

ರೇಸಿಂಗ್ ಆಯಿಲ್ ತಿಂಗಳಿಗೊಮ್ಮೆ ಬದಲಿಸಬೇಕು ಎಂಬ ನಿಮ್ಮ ಗೆಳೆಯರ ಮಾತು ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. ರೇಸ್ ತಂಡಗಳು ಪ್ರತಿ ಸ್ಪರ್ಧೆಗೂ ಬದಲಿಸುತ್ತವೆ. ಅವರಿಗೆ ಹತ್ತು ಡಿಗ್ರಿಯ ಇಳಿತವೂ ಮುಖ್ಯ, ಅವರು ತಾಳಿಕೆಯ ಅಂಚಿನಲ್ಲೇ ಓಡಿಸುತ್ತಾರೆ. ನೀರು ಸೇರಿದಾಗ ಈ ಆಯಿಲ್‌ಗಳು ಡಿಗ್ರಿ ಲೆಕ್ಕದಲ್ಲಿ ಹೆಚ್ಚು ಕಳೆದುಕೊಳ್ಳುತ್ತವೆ ಎಂಬುದು ನಿಜ. 312ರಿಂದ 200ರ ಮಟ್ಟಕ್ಕೆ ಇಳಿಯುವುದು ನೂರು ಡಿಗ್ರಿಯ ನಷ್ಟ. ಹಾಗೆ ಇಳಿದ ಮೇಲೂ ಅದು ಅಷ್ಟೇ ತೇವ ಸೇರಿದ ಸಾಮಾನ್ಯ ಡಾಟ್ 4ಕ್ಕಿಂತ ಬಹಳ ಮೇಲಿರುತ್ತದೆ. ಇನ್ನೊಂದು ವ್ಯತ್ಯಾಸ ಗಮನಿಸಬೇಕಾದದ್ದು. ಕುದಿಬಿಂದುವಿಗೆ ಆದ್ಯತೆ ಕೊಟ್ಟು ಮಾಡಿದ ಕೆಲವು ಆಯಿಲ್‌ಗಳಲ್ಲಿ ತುಕ್ಕು ತಡೆಯುವ, ಸೀಲ್ ಕಾಯುವ ಸೇರ್ಪಡೆಗಳು ಬಹುಕಾಲ ಬಾಳುವ ಲೆಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ರೇಸಿಂಗ್ ಆಯಿಲ್ ಹಾಕಿ ಎರಡು ವರ್ಷ ಮರೆತುಬಿಡುವುದು ತಪ್ಪು. ವರ್ಷಕ್ಕೊಮ್ಮೆ ಬದಲಿಸಿದರೆ ರಸ್ತೆಯಲ್ಲೂ ಧಾರಾಳವಾಗಿ ಓಡಿಸಬಹುದು. ನನ್ನ ವರ್ಕ್‌ಶಾಪಿಗೆ ಬರುವ, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋಗುವ ಕಾರುಗಳೆಲ್ಲ ಹೀಗೆಯೇ ಓಡುತ್ತಿವೆ.

ನಿಮಗೆ ನನ್ನ ಸಲಹೆ ಇದು. ಆರ್‌ಬಿಎಫ್ 600 ದರ್ಜೆಯ, ಡಾಟ್ 4 ಎಂದು ಸ್ಪಷ್ಟವಾಗಿ ಬರೆದಿರುವ ಆಯಿಲ್ ತರಿಸಿ. ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ಹೋಗುವ ವಾರದ ಮುನ್ನ, ಪೂರ್ತಿ ಬದಲಿಸಿ. ಎಸ್‌ಆರ್‌ಎಫ್ ಇದಕ್ಕಿಂತ ಮೇಲು ಎನ್ನುವುದರಲ್ಲಿ ಸಂದೇಹವಿಲ್ಲ, ವರ್ಷಕ್ಕೆ ಐದಾರು ಸಲ ಟ್ರ್ಯಾಕಿಗೆ ಹೋಗುವವರಿಗೆ, ನಡುವೆ ಬದಲಿಸಲು ಪುರುಸೊತ್ತಿಲ್ಲದವರಿಗೆ ಅದರ ಬೆಲೆ ನ್ಯಾಯವೇ. ನಿಮ್ಮ ಬಳಕೆಗೆ ಆ ಹಣವನ್ನು ಒಳ್ಳೆಯ ಪ್ಯಾಡಿಗೆ ಖರ್ಚು ಮಾಡಿ. ಮತ್ತೆ ಟ್ರ್ಯಾಕಿಗೆ ಹೋಗುವ ಮನಸ್ಸೇ ಇಲ್ಲವಾದರೆ ಕಂಪನಿಯದೇ ಹೊಸ ಡಾಟ್ 4 ಸಾಕು, ರೇಸಿಂಗ್ ಆಯಿಲ್ ಬೇಡ. ಯಾವುದನ್ನು ಆರಿಸಿದರೂ ಹಳೆಯದಕ್ಕೆ ಬೆರೆಸಿ ಮೇಲಿಂದ ತುಂಬಿಸುವ ಕೆಲಸ ಬೇಡ. ಗ್ಲೈಕಾಲ್ ಆಯಿಲ್‌ಗಳು ಬೆರೆಯುತ್ತವೆ, ಅದರಿಂದ ಹಾನಿಯಿಲ್ಲ, ಆದರೆ ದುಬಾರಿ ಆಯಿಲ್‌ನ ಕುದಿಬಿಂದುವನ್ನು ಹಳೆಯದು ಕೆಳಕ್ಕೆ ಎಳೆಯುತ್ತದೆ.

ಬದಲಿಸುವ ಕೆಲಸದಲ್ಲಿ ಆಗುವ ಎಡವಟ್ಟುಗಳು ತಪ್ಪಾದ ಬಾಟಲಿಯಷ್ಟೇ ಅಪಾಯ ತರುತ್ತವೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಬ್ಬಿಯಲ್ಲಿನ ಕಪ್ಪು ಆಯಿಲ್ ಹೀರಿ ತೆಗೆದು ಹೊಸದು ತುಂಬಿಸಿ "ಬದಲಿಸಿದ್ದೇವೆ" ಎನ್ನುವುದು ಅನೇಕ ಕಡೆ ನಡೆಯುತ್ತದೆ. ಕುದಿಯುವ ಆಯಿಲ್ ಇರುವುದು ಕ್ಯಾಲಿಪರ್‌ನಲ್ಲಿ, ಡಬ್ಬಿಯಲ್ಲಲ್ಲ. ನಾಲ್ಕೂ ಚಕ್ರದ ಕ್ಯಾಲಿಪರ್‌ಗಳಲ್ಲಿ ಆಯಿಲ್ ಹೊರಬಿಡಲೆಂದೇ ಇರುವ ನಿಪ್ಪಲ್‌ಗಳಿಂದ ಹಳೆಯದು ಪೂರ್ತಿ ಹೊರಬಂದು ಹೊಸ ಆಯಿಲ್ ಗುಳ್ಳೆಯಿಲ್ಲದೆ ಹರಿಯುವ ತನಕ ಬಿಡಬೇಕು. ಇದಕ್ಕೆ ಸುಮಾರು ಒಂದು ಲೀಟರ್ ಬೇಕಾಗುತ್ತದೆ, ಅರ್ಧ ಲೀಟರಿನ ಒಂದೇ ಬಾಟಲಿ ಸಾಲದು. ನಿಮ್ಮ ಕಾರಿನ ಕ್ಯಾಲಿಪರ್‌ಗಳಲ್ಲಿ ಒಳಗೊಂದು ಹೊರಗೊಂದು ನಿಪ್ಪಲ್ ಇವೆಯೇ ನೋಡಿ, ಇದ್ದರೆ ಎರಡರಿಂದಲೂ ಆಯಿಲ್ ಹೊರಬಿಡಬೇಕು. ಒಂದರಿಂದ ಮಾತ್ರ ಹೊರಬಿಟ್ಟರೆ ಕ್ಯಾಲಿಪರಿನ ಅರ್ಧದಲ್ಲಿ ಹಳೆಯ ಆಯಿಲ್ ಹಾಗೆಯೇ ಕೂತಿರುತ್ತದೆ, ಮತ್ತು ಕುದಿಯಲು ಅಷ್ಟು ಸಾಕು.

ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ನಿಪ್ಪಲ್ ತೆರೆಯುವ ಹಳೆಯ ವಿಧಾನದಿಂದಲೂ ಕೆಲಸ ಆಗುತ್ತದೆ. ಆದರೆ ಹಳೆಯ ಕಾರಿನಲ್ಲಿ ಪೆಡಲನ್ನು ನೆಲದವರೆಗೂ ಒತ್ತಬಾರದು. ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗಕ್ಕೆ ಪಿಸ್ಟನ್ ಸಾಮಾನ್ಯವಾಗಿ ಹೋಗುವುದೇ ಇಲ್ಲ, ಅಲ್ಲಿ ಕೂತ ಕೊಳೆ, ತುಕ್ಕು ಸೀಲನ್ನು ಕೆರೆದುಬಿಡುತ್ತದೆ. ನಿಮ್ಮ ಕಾರಿನಲ್ಲಿ ಟ್ರ್ಯಾಕಿನ ಮೇಲೆ ಪೆಡಲ್ ಒಮ್ಮೆ ನೆಲ ಮುಟ್ಟಿದೆ. ಮಾಸ್ಟರ್ ಸಿಲಿಂಡರ್ ಪರೀಕ್ಷಿಸಿ ಎಂದು ಮೊದಲೇ ಹೇಳಿದ್ದಕ್ಕೆ ಅದೂ ಒಂದು ಕಾರಣ. ಡಬ್ಬಿಯ ಬದಿಯಿಂದ ಗಾಳಿಯ ಒತ್ತಡ ಕೊಟ್ಟು ಆಯಿಲ್ ತಳ್ಳುವ ಪ್ರೆಶರ್ ಬ್ಲೀಡರ್ ಇರುವ ಕಡೆ ಮಾಡಿಸಿದರೆ ಒಳ್ಳೆಯದು. ಕೆಲಸದ ನಡುವೆ ಡಬ್ಬಿ ಖಾಲಿಯಾಗಿ ಗಾಳಿ ಎಬಿಎಸ್ ಘಟಕಕ್ಕೆ ನುಗ್ಗಿದರೆ, ಅದರ ಕವಾಟಗಳನ್ನು ಕಂಪ್ಯೂಟರ್‌ನಿಂದ ತೆರೆಸುವ ಸ್ಕ್ಯಾನರ್ ಇಲ್ಲದೆ ಆ ಗಾಳಿ ಹೊರಬರುವುದು ಕಷ್ಟ. ಕೆಲಸ ಕೊಡುವ ಮುನ್ನವೇ ಅಂಥ ಸ್ಕ್ಯಾನರ್ ಇದೆಯೇ ಎಂದು ಕೇಳಿ. ದಾವಣಗೆರೆಯಲ್ಲಿ ಡಾಟ್ 3, ಡಾಟ್ 4 ಎಲ್ಲ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತವೆ, ರೇಸಿಂಗ್ ಆಯಿಲ್ ಬೆಂಗಳೂರಿನಿಂದ ತರಿಸುವುದೇ ವಾಸಿ. ಸೀಲ್ ಗಟ್ಟಿಯಾಗಿದೆಯೇ, ತಯಾರಿಕೆಯ ತಿಂಗಳು ಯಾವುದು ಎಂದು ನೋಡಿಯೇ ಕೊಳ್ಳಿ. ತೆರೆದ ಕ್ಯಾನಿನಿಂದ ಸುರಿದು ಕೊಡುವ ಆಯಿಲ್ ಬೇಡವೇ ಬೇಡ.

ಪೆನ್ನಿನಂಥ ಉಪಕರಣವನ್ನು ಡಬ್ಬಿಯಲ್ಲಿ ಅದ್ದಿ, ಹಸಿರು ದೀಪ ತೋರಿಸಿ "ನಿಮ್ಮ ಆಯಿಲ್ ಚೆನ್ನಾಗಿದೆ" ಎಂದು ಹೇಳುವವರಿದ್ದಾರೆ. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು. ಬೇರೆಬೇರೆ ಆಯಿಲ್‌ಗಳ ವಾಹಕತೆ ಬೇರೆಬೇರೆ ಇರುವುದರಿಂದ ಅದನ್ನು ನಂಬಿ ಟ್ರ್ಯಾಕಿಗೆ ಹೋಗಬಾರದು. ಆಯಿಲ್‌ನ ಸ್ವಲ್ಪ ಭಾಗವನ್ನು ನಿಜವಾಗಿ ಕುದಿಸಿ ಅಳೆಯುವ ಉಪಕರಣ ಇದ್ದರೆ ಮಾತ್ರ ಆ ಅಂಕಿಗೆ ಬೆಲೆ. ಬಣ್ಣ ನೋಡಿ ಹೇಳುವುದೂ ಅಷ್ಟೇ. ಕಪ್ಪಾದದ್ದು ಕೆಟ್ಟಿರುತ್ತದೆ, ತಿಳಿಯಾಗಿರುವುದೆಲ್ಲ ಒಳ್ಳೆಯದೆಂದು ಹೇಳಲು ಬರುವುದಿಲ್ಲ.

ಆಯಿಲ್ ಬದಲಿಸಿದ ಮೇಲೆ ಟ್ರ್ಯಾಕಿನಲ್ಲಿ ಮುಂದಿನ ದುರ್ಬಲ ಕೊಂಡಿ ಪ್ಯಾಡ್ ಆಗಿರುತ್ತದೆ. ರಸ್ತೆಯ ಪ್ಯಾಡ್ ಸವೆದು ತೆಳುವಾದಷ್ಟೂ ಡಿಸ್ಕಿನ ಬಿಸಿ ಪಿಸ್ಟನ್‌ಗೆ ಬೇಗ ತಲುಪುತ್ತದೆ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡಿನಲ್ಲಿ ಟ್ರ್ಯಾಕಿಗೆ ಹೋಗಬೇಡಿ. ಸ್ಟೀಲ್ ಹೆಣಿಗೆಯ ಹೋಸ್‌ಗಳನ್ನು ಹಾಕಿಸಿದರೆ ಪೆಡಲ್ ಗಟ್ಟಿ ಅನ್ನಿಸುತ್ತದೆ, ಅವು ಕುದಿಯುವುದನ್ನು ತಡೆಯುವುದಿಲ್ಲ. ಇದಕ್ಕೆಲ್ಲ ಖರ್ಚಿಲ್ಲದ ಪರಿಹಾರ ಓಡಿಸುವ ಕ್ರಮದಲ್ಲಿದೆ. ನಾಲ್ಕೈದು ಸುತ್ತು ಜೋರಾಗಿ ಓಡಿಸಿದ ಮೇಲೆ ಒಂದು ಸುತ್ತು ಬ್ರೇಕ್ ಬಹುತೇಕ ಮುಟ್ಟದೆ ನಿಧಾನವಾಗಿ ಬನ್ನಿ. ಪಿಟ್‌ನಲ್ಲಿ ಬ್ರೇಕ್ ಒತ್ತಿಕೊಂಡು ನಿಲ್ಲಬೇಡಿ, ಪಾರ್ಕಿಂಗ್ ಬ್ರೇಕ್ ಹಾಕಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಮಧ್ಯಾಹ್ನದ ಊಟಕ್ಕೆ ಮುನ್ನ ಮುಂದಿನ ಎರಡು ಕ್ಯಾಲಿಪರ್‌ಗಳಿಂದ ಸ್ವಲ್ಪ ಆಯಿಲ್ ಹೊರಬಿಟ್ಟು ನೋಡುವ ಅಭ್ಯಾಸ ಒಳ್ಳೆಯದು. ಗುಳ್ಳೆ ಕಂಡರೆ ಅಂದಿನ ಓಟ ಅಲ್ಲಿಗೆ ಮುಗಿಯಿತು.

ಪೆಡಲ್ ಮತ್ತೆಂದಾದರೂ ನೆಲ ಮುಟ್ಟಿದರೆ ನೀವು ಮಾಡಿದ್ದೇ ಸರಿ: ಬೇಗಬೇಗ ತುಳಿಯುವುದು. ಗುಳ್ಳೆಗಳನ್ನು ಕುಗ್ಗಿಸುವಷ್ಟು ಆಯಿಲ್ ಹಾಗೆ ಒಳಗೆ ಹೋಗುತ್ತದೆ. ಅದರ ಜೊತೆಗೆ ಗೇರ್ ಇಳಿಸಿ. ನಿಮ್ಮ ಕಾರಿನ ಪಾರ್ಕಿಂಗ್ ಬ್ರೇಕ್ ವಿದ್ಯುತ್ತಿನದು, ಓಡುವಾಗ ಆ ಸ್ವಿಚ್ ಹಿಡಿದಿಟ್ಟರೆ ತುರ್ತು ನಿಲುಗಡೆ ಶುರುವಾಗುತ್ತದೆ. ಎಲ್ಲಿದೆ, ಹೇಗೆ ಹಿಡಿಯಬೇಕು ಎಂಬುದನ್ನು ಕೈಪಿಡಿ ನೋಡಿ ಕಾರು ನಿಂತಿರುವಾಗಲೇ ಕೈಗೆ ರೂಢಿ ಮಾಡಿಕೊಳ್ಳಿ.

ಜೋಗಿಮಟ್ಟಿಯ ವಿಷಯ ಹೇಳದೆ ಮುಗಿಸಲಾರೆ. ಅಲ್ಲಿನ ದಾರಿ ಕಿರಿದು, ಕಾಡು ಅರಣ್ಯ ಇಲಾಖೆಯದು, ಕರಡಿ ಚಿರತೆಗಳು ರಸ್ತೆ ದಾಟುತ್ತವೆ. ಅಲ್ಲಿ ಮೇಲಕ್ಕೆ ಹತ್ತುವಾಗ ಬ್ರೇಕಿಗೆ ಕೆಲಸವಿಲ್ಲ, ಇಳಿಯುವಾಗ ಇದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಚಿಕ್ಕಮಗಳೂರಿನ ಗಿರಿಗಳಿಗೂ ಇದೇ. ಉದ್ದದ ಇಳಿಜಾರಿನಲ್ಲಿ ಮೆತ್ತಗೆ ಬಹಳ ಹೊತ್ತು ಒತ್ತಿದ ಬ್ರೇಕ್, ಟ್ರ್ಯಾಕಿನಲ್ಲಿ ಬಲವಾಗಿ ಒತ್ತಿ ಬಿಟ್ಟ ಬ್ರೇಕಿನಷ್ಟೇ ಆಯಿಲ್ ಕುದಿಸಬಲ್ಲದು.

ಕೊನೆಯದಾಗಿ ನೀವು ಕೇಳದಿದ್ದರೂ ತಿಳಿದಿರಬೇಕಾದದ್ದು. ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಹಾಕುತ್ತದೆ, ಕಾರಿನ ಮೈ ಮೇಲೆ ಹನಿ ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ಧಾರಾಳ ನೀರು ಸುರಿಯಿರಿ. ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ, ಮುಚ್ಚಳ ತೆರೆದ ದಿನದಿಂದಲೇ ಅದು ನೀರು ಕುಡಿಯತೊಡಗಿರುತ್ತದೆ. ತೆಗೆದ ಹಳೆಯ ಆಯಿಲ್ ಚರಂಡಿಗೆ ಹೋಗಬಾರದು. ಬಳಸಿದ ಇಂಜಿನ್ ಆಯಿಲ್ ಜೊತೆಗೂ ಬೆರೆಸದೆ, ಬೇರೆ ಡಬ್ಬಿಯಲ್ಲಿ ತುಂಬಿ ವರ್ಕ್‌ಶಾಪಿನವರಿಗೇ ಕೊಡಿ. ಕೆಲಸ ಮುಗಿದ ಮೇಲೆ ಯಾವ ಆಯಿಲ್, ಯಾವ ತಾರೀಕು ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. ಈ ಕಾರನ್ನು ನಿಮ್ಮಿಂದ ಕೊಳ್ಳುವವರಿಗೂ ಅದು ಬೇಕಾಗುತ್ತದೆ.